ಟ್ರೇಲರ್ ಕಟ್ಟಿಕೊಂಡು ಹೊರಡುವ ಮುನ್ನ

ಸಾತಪುರದಿಂದ ಕಸಾರಾ ಘಾಟಿನತ್ತ ಪ್ರವಾಸಿ ಟ್ರೇಲರ್ ಎಳೆದು ಹೊರಡುವವರೇ, ಮೊದಲು ಟೈರಿನ ಮುಂದೆ ಕೂತು ನೋಡಿ. ಅದರ ಮಗ್ಗುಲಲ್ಲಿ 2319 ಎಂದು ಅಚ್ಚಾಗಿದ್ದರೆ ಅದು ತಯಾರಾದದ್ದು 2019ರ 23ನೇ ವಾರದಲ್ಲಿ. ನಿಂತೇ ಇರುವ ಗಾಡಿಯ ಟೈರು ಸವೆಯುವುದಿಲ್ಲ, ಬಿಸಿಲಿಗೆ ಒಣಗಿ ಬಿರಿಯುತ್ತದೆ. ಪಟ್ಟೆ ಆಳವಾಗಿದೆಯೆಂದು ನಂಬಿ ಘಾಟಿ ಇಳಿಯಬೇಡಿ.

ಟ್ರೇಲರಿನ ತೂಕದಲ್ಲಿ ಶೇ. 10ರಿಂದ 15ರಷ್ಟು ಕೊಕ್ಕೆಯ ಮೇಲೆ ಬೀಳಬೇಕು. ಹಿಂಭಾರವಾದರೆ ಇಳಿಜಾರಿನಲ್ಲಿ ಗಾಡಿ ಓಲಾಡುತ್ತದೆ. ನೀರಿನ ಕ್ಯಾನು, ದಿನಸಿ ಅಚ್ಚಿನ ಹತ್ತಿರ, ತಳದಲ್ಲೇ ಇರಲಿ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ, ಹಾಗಾಗಿ ಕಿಟಕಿಯೊಂದೇ ಸಾಲದು, ತಳದಲ್ಲೂ ಗಾಳಿಕಿಂಡಿ ಬೇಕೇ ಬೇಕು. ರೆಗ್ಯುಲೇಟರಿನ ಜೋಡಣೆಗೆ ಸೋಪುನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಮಲಗುವಾಗ ಸಿಲಿಂಡರಿನ ವಾಲ್ವ್ ಮುಚ್ಚಿ. ಚಾವಣಿಯ ಸಂದುಗಳಿಗೆ ಮಳೆಗಾಲಕ್ಕೆ ಮುಂಚೆಯೇ ಸೀಲಂಟ್ ಹಾಕಿಸಿ.