ಉಪ್ಪಾಗೆಯ ಹುಳಿ ಮತ್ತು ಕೊಬ್ಬಿನ ಕಿಣ್ವ

ಅಗತ್ಯಕ್ಕೆ ಮೀರಿ ಉಂಡ ಅನ್ನ, ಸಕ್ಕರೆಗಳ ಒಂದಂಶವನ್ನು ಯಕೃತ್ತು ಕೊಬ್ಬನ್ನಾಗಿ ಮಾರ್ಪಡಿಸುತ್ತದೆ. ಸಿಟ್ರೇಟನ್ನು ಸೀಳಿ, ಈ ಕಾರ್ಯಕ್ಕೆ ಅಸಿಟೈಲ್ ಕೋ-ಎ ಎಂಬ ಮೂಲಧನವನ್ನು ಒದಗಿಸುವ ಕಿಣ್ವವೇ ಎಟಿಪಿ ಸಿಟ್ರೇಟ್ ಲಯೇಸ್. ಉಂಡಾಗ ಇನ್ಸುಲಿನ್ ಇದನ್ನು ಚುರುಕುಗೊಳಿಸುತ್ತದೆ. ಉಪವಾಸದಲ್ಲಿ ಇದರ ಪ್ರಮಾಣ ತಗ್ಗುತ್ತದೆ.

ಮಲೆನಾಡಿನ ಉಪ್ಪಾಗೆ ಹಣ್ಣಿನ ಮುಖ್ಯ ಹುಳಿಯು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ತೋರಿಸಿದರು. ಅದು ಈ ಕಿಣ್ವವನ್ನು ತಡೆಯುತ್ತದೆಂದು 1969ರಲ್ಲಿ ಅಮೆರಿಕದಲ್ಲಿ ಕಂಡುಬಂದಿತು. ಆದರೆ ಅಲ್ಲಿಯೇ 135 ಸ್ಥೂಲಕಾಯರ ಮೇಲೆ 12 ವಾರ ನಡೆದು 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅದನ್ನು ಸೇವಿಸಿದವರ ತೂಕವು ಹುಸಿಗುಳಿಗೆ ನುಂಗಿದವರಿಗಿಂತ ಗಣನೀಯವಾಗಿ ಇಳಿಯಲಿಲ್ಲ. ಇಂಥ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ಉಂಟು.

ಆದುದರಿಂದ ದೆಹಲಿಯ ಕನ್ನಡಿಗರು ‘ಗಾರ್ಸೀನಿಯಾ’ ಗುಳಿಗೆಗಳಿಗೆ ಮರುಳಾಗದೆ, ಮಿತಾಹಾರ ಮತ್ತು ನಡಿಗೆಗಳನ್ನೇ ನೆಚ್ಚುವುದು ಲೇಸು. ಉಪ್ಪಾಗೆಯ ಹುಳಿಗೆ ಅಡಿಗೆಮನೆಯೇ ಸರಿಯಾದ ಸ್ಥಾನ.