ಕೋವಿಯ ಮೇಲೊಂದು ಕ್ಯಾಮೆರಾ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ಡಲ್ಲಾಸ್‌ನಲ್ಲಿದ್ದೇನೆ. ಸಹೋದ್ಯೋಗಿಗಳು ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಕರೆದಿದ್ದಾರೆ. ರೈಫಲ್‌ಗೆ ಗೋಪ್ರೊ ಕ್ಯಾಮೆರಾ ಕೂರಿಸಿ ಎಲ್ಲವನ್ನೂ ಚಿತ್ರೀಕರಿಸಬೇಕೆಂಬ ಆಸೆ ನನ್ನದು. ಆದರೆ ನನ್ನ ಹೆಂಡತಿಗೆ ಭಯ. ಇದು ಕಾನೂನಿಗೆ ವಿರುದ್ಧವೆ? ಅಪಾಯವೆ?
– ಓದುಗರೊಬ್ಬರು, ಟೆಕ್ಸಾಸ್

ಉತ್ತರ: ಮೊದಲು ಸಮಾಧಾನದ ಮಾತು. ಟೆಕ್ಸಾಸ್‌ನಲ್ಲಿ ಪರವಾನಗಿ ಪಡೆದು, ಋತುವಿನ ನಿಯಮ ಪಾಲಿಸಿ ಮಾಡುವ ಜಿಂಕೆ ಬೇಟೆ ಕಾನೂನುಬದ್ಧ. ಅದನ್ನು ನಿಮ್ಮ ನೆನಪಿಗಾಗಿ ಚಿತ್ರೀಕರಿಸಿಕೊಳ್ಳುವುದೂ ತಪ್ಪಲ್ಲ.

ಆದರೆ ನಿಮ್ಮ ವಿಷಯದಲ್ಲಿ ಕ್ಯಾಮೆರಾಕ್ಕಿಂತ ಮೊದಲು ಯೋಚಿಸಬೇಕಾದ್ದು ಕೋವಿಯನ್ನೇ. ಎಚ್-1ಬಿಯಂತಹ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕು ಹೊಂದಿರುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಸ್ನೇಹಿತರ ರೈಫಲನ್ನು ಕೈಗೆ ತೆಗೆದುಕೊಂಡರೂ ಈ ತೊಡಕು ಬರಬಹುದು. ಇದಕ್ಕಿರುವ ವಿನಾಯಿತಿಗಳಲ್ಲಿ ಮುಖ್ಯವಾದದ್ದು ಅಮೆರಿಕದಲ್ಲೇ ಪಡೆದ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಟೆಕ್ಸಾಸ್‌ನ ಪರವಾನಗಿ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಅಲ್ಲಿ ಬೇಟೆ ಸುರಕ್ಷತೆಯ ತರಬೇತಿಯೂ ಬೇಕು. ಪರವಾನಗಿ ಕೈಗೆ ಬರುವ ಮೊದಲು ಕೋವಿ ಮುಟ್ಟಬೇಡಿ. ವಲಸೆ ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕೇಳಿಕೊಳ್ಳಿ. ಅದಕ್ಕಾಗುವ ಖರ್ಚು ದಂಡವಲ್ಲ.

ಇನ್ನು ನಿಮ್ಮ ಮನೆಯವರ ಭಯ. ಅದು ಸಕಾರಣವಾದದ್ದು, ತಳ್ಳಿಹಾಕಬೇಡಿ. ಕೋವಿಗೆ ಕಟ್ಟಿದ ಕ್ಯಾಮೆರಾ ಯಾವ ಕಡೆ ನೋಡುತ್ತದೋ ನಳಿಗೆಯೂ ಆ ಕಡೆಗೇ ತಿರುಗಿರುತ್ತದೆ. ಜೊತೆಗಾರರು ನಗುತ್ತಿದ್ದಾರೆ, ಸೂರ್ಯ ಮುಳುಗುತ್ತಿದ್ದಾನೆ, ದೂರದಲ್ಲಿ ಯಾರೋ ನಡೆದು ಬರುತ್ತಿದ್ದಾರೆ. ಇವನ್ನೆಲ್ಲ ಚಿತ್ರೀಕರಿಸುವ ಮನಸ್ಸಾದ ಕ್ಷಣದಲ್ಲಿ ನೀವು ಮನುಷ್ಯರತ್ತ ಬಂದೂಕು ತಿರುಗಿಸಿರುತ್ತೀರಿ. ಸುಡಲು ಉದ್ದೇಶವಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಬಾರದು ಎಂಬುದು ಕೋವಿ ಹಿಡಿಯುವವರು ಕಲಿಯುವ ಮೊದಲ ಪಾಠ. ಆ ಪಾಠವನ್ನು ಮರೆಸುವ ಗುಣ ಈ ಜೋಡಣೆಯಲ್ಲಿದೆ.

ಆದ್ದರಿಂದ ಮೊದಲ ವರ್ಷ ಕ್ಯಾಮೆರಾವನ್ನು ಟೊಪ್ಪಿಗೆಗೋ ಎದೆಯ ಪಟ್ಟಿಗೋ ಕಟ್ಟಿಕೊಳ್ಳಿ. ನೀವು ಕಂಡದ್ದೆಲ್ಲ ಅದರಲ್ಲೂ ಬರುತ್ತದೆ. ಕೋವಿ ಮಾತ್ರ ತನ್ನ ಪಾಡಿಗೆ ನೆಲದ ಕಡೆಗೋ ಆಕಾಶದ ಕಡೆಗೋ ಇರುತ್ತದೆ.

ಪ್ರಶ್ನೆ: ನಾನು ಹಲವು ವರ್ಷಗಳಿಂದ ಬೇಟೆಯಾಡುತ್ತಿದ್ದೇನೆ, ಅಮೆರಿಕದ ಪ್ರಜೆ. ಕಳೆದ ಋತುವಿನಲ್ಲಿ ರೈಫಲ್ ನಳಿಗೆಗೆ ಕ್ಯಾಮೆರಾ ಬಿಗಿದೆ. ಗುರಿ ತಪ್ಪತೊಡಗಿತು. ವಿಡಿಯೊ ನೋಡಿದರೆ ಎಲ್ಲ ಅಲುಗಾಟ, ಜಿಂಕೆ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ನನ್ನ ರೈಫಲ್ ಕೆಟ್ಟಿತೆ?
– ಓದುಗರೊಬ್ಬರು, ಮಿನೆಸೋಟ

ಉತ್ತರ: ರೈಫಲ್ ಕೆಟ್ಟಿರುವ ಸಾಧ್ಯತೆ ಕಡಿಮೆ, ಗಾಬರಿಯಾಗಬೇಡಿ. ಗುಂಡು ಹಾರುವಾಗ ನಳಿಗೆ ಸಣ್ಣದಾಗಿ ಕಂಪಿಸುತ್ತದೆ. ಆ ಕಂಪನ ಪ್ರತಿ ಸಲವೂ ಒಂದೇ ರೀತಿ ಇದ್ದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ಅದರ ಮೇಲೆ 150 ಗ್ರಾಂ ತೂಕದ ಕ್ಯಾಮೆರಾ, ಜೊತೆಗೊಂದು ಹಿಡಿಕೆ ಬಿಗಿದರೆ ಕಂಪನದ ರೀತಿಯೇ ಬದಲಾಗಿ ಗುಂಡು ಬೀಳುವ ಜಾಗವೂ ಸರಿಯುತ್ತದೆ.

ನಳಿಗೆಯಿಂದ ಕ್ಯಾಮೆರಾ ತೆಗೆಯಿರಿ. ಕೂರಿಸಲೇಬೇಕೆಂದಿದ್ದರೆ ಮುಂದಿನ ಕೈ ಹಿಡಿಯುವ ಭಾಗದ ಪಿಕಾಟಿನ್ನಿ ರೇಲ್ (ಉಪಕರಣ ಕೂರಿಸಲು ಕಚ್ಚುಗಳಿರುವ ಲೋಹದ ಪಟ್ಟಿ) ಮೇಲೆ, ಅದೂ ನಳಿಗೆಗೆ ತಾಗದಂತೆ ಕೂರಿಸಿ. ಆಮೇಲೆ ಗುರಿ ಅಭ್ಯಾಸದ ಮೈದಾನಕ್ಕೆ ಹೋಗಿ, ಕ್ಯಾಮೆರಾ ಸಮೇತ ಮೂರು ಮೂರು ಗುಂಡು ಹೊಡೆದು ದೂರದರ್ಶಕವನ್ನು ಮತ್ತೆ ಸರಿಹೊಂದಿಸಿ. ಒಂದು ದಿನ ಕ್ಯಾಮೆರಾ ಇಟ್ಟು, ಇನ್ನೊಂದು ದಿನ ತೆಗೆದು ಬೇಟೆಗೆ ಹೋಗಬೇಡಿ.

ಚಿತ್ರದ ಅಲುಗಾಟಕ್ಕೆ ಕಾರಣ ರೀಕಾಯಿಲ್ (ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುವ ಪೆಟ್ಟು). ಈ ಪುಟ್ಟ ಕ್ಯಾಮೆರಾಗಳು ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯದೆ ಸಾಲುಸಾಲಾಗಿ ಓದುವುದರಿಂದ ಒದೆತದ ಕ್ಷಣದಲ್ಲಿ ಚಿತ್ರ ಸೊಟ್ಟಗಾಗುತ್ತದೆ. ಸೆಕೆಂಡಿಗೆ 120 ಅಥವಾ 240 ಚೌಕಟ್ಟುಗಳಂತೆ ಚಿತ್ರೀಕರಿಸಿ, ಆಮೇಲೆ ನಿಧಾನಗತಿಯಲ್ಲಿ ನೋಡಿ, ಎಷ್ಟೋ ವಾಸಿ. ಜಿಂಕೆ ಕಾಣದಿರುವುದಕ್ಕೆ ಕಾರಣ ಅಗಲ ನೋಟದ ಮಸೂರ. ನೂರು ಗಜ ದೂರದ ಪ್ರಾಣಿಯನ್ನು ಅದು ತೀರಾ ಚಿಕ್ಕದಾಗಿ ತೋರಿಸುತ್ತದೆ. ದೂರದರ್ಶಕದ ಹಿಂದೆ ಕೂರುವ, ಅದರೊಳಗಿನ ನೋಟವನ್ನೇ ಹಿಡಿಯುವ ಕ್ಯಾಮೆರಾಗಳು ಬೇರೆಯೇ ಇವೆ.

ಮೊಬೈಲ್ ಫೋನನ್ನು ಮಾತ್ರ ಕೋವಿಗೆ ಕಟ್ಟಬೇಡಿ. ಮೋಟಾರ್‌ಸೈಕಲ್ ಎಂಜಿನ್‌ನ ತೀವ್ರ ಕಂಪನದಿಂದಲೇ ಐಫೋನ್ ಕ್ಯಾಮೆರಾದ ಕಾರ್ಯಕ್ಷಮತೆ ಕುಂದಬಹುದು ಎಂದು ಆಪಲ್ ಕಂಪನಿ 2021ರಲ್ಲಿ ಎಚ್ಚರಿಸಿತ್ತು. ಕೋವಿಯ ಒದೆತ ಅದಕ್ಕಿಂತ ಒರಟು.

ಇನ್ನೆರಡು ಮಾತು. ಕ್ಯಾಮೆರಾದ ಗುಂಡಿ ಒತ್ತುವ ಕೆಲಸವನ್ನು ತೋಟಾ ತುಂಬುವ ಮೊದಲೇ ಮುಗಿಸಿ. ಕ್ಯಾಮೆರಾ ಮುಂಭಾಗದಲ್ಲಿದ್ದರೆ ಕೈ ನಳಿಗೆಯ ಬಾಯಿಯತ್ತ ಚಾಚುತ್ತದೆ, ಅದು ಎಂದೂ ಕೂಡದು. ಹಾಗೆಯೇ ನಿಮ್ಮ ರಾಜ್ಯದ ಆ ವರ್ಷದ ಬೇಟೆ ನಿಯಮ ಪುಸ್ತಕ ಓದಿ. ಕೋವಿಗೆ ವಿದ್ಯುನ್ಮಾನ ಉಪಕರಣ ಕಟ್ಟುವುದಕ್ಕೆ ಕೆಲವು ರಾಜ್ಯಗಳಲ್ಲಿ ನಿರ್ಬಂಧವಿದೆ. ಬೇಟೆಗಾಗಿ ಕಾಡಿನಲ್ಲಿ ಕ್ಯಾಮೆರಾ ಇಡುವುದನ್ನು ಅರಿಜೋನ 2022ರಿಂದ ನಿಷೇಧಿಸಿದೆ. ಪಕ್ಕದ ರಾಜ್ಯದಲ್ಲಿ ನಡೆಯುತ್ತದೆಂದು ನಿಮ್ಮಲ್ಲೂ ನಡೆಯುತ್ತದೆ ಎಂದುಕೊಳ್ಳಬೇಡಿ.

ಮುಖ್ಯವಾಗಿ, ಒಳ್ಳೆಯ ದೃಶ್ಯಕ್ಕೆಂದು ಕುದುರೆ (ಟ್ರಿಗರ್) ಎಳೆಯಬೇಡಿ. ಕ್ಯಾಮೆರಾ ಓಡುತ್ತಿದೆ ಎಂಬ ಅವಸರಕ್ಕೆ ಹೊಡೆದ ಗುಂಡು ಪ್ರಾಣಿಯನ್ನು ಕೊಲ್ಲದೆ ಗಾಯಗೊಳಿಸಿದರೆ, ಅದು ಪೊದೆಯಲ್ಲಿ ನರಳಿ ಸಾಯುತ್ತದೆ. ಗುರಿ ಖಚಿತವಿಲ್ಲದಿದ್ದರೆ ಕೋವಿ ಇಳಿಸುವುದೇ ಒಳ್ಳೆಯ ಬೇಟೆಗಾರರ ಲಕ್ಷಣ.

ಪ್ರಶ್ನೆ: ನಮ್ಮದು ಕೊಡಗು, ಮನೆಯಲ್ಲಿ ಹಿರಿಯರ ಕಾಲದ ಜೋಡಿನಳಿಗೆ ಕೋವಿ ಇದೆ. ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ಕೋವಿಗೆ ಕ್ಯಾಮೆರಾ ಕಟ್ಟಿ ಚಿತ್ರೀಕರಿಸಬಹುದೆ? ತೋಟಕ್ಕೆ ನುಗ್ಗುವ ಕಾಡುಹಂದಿಗೆ ಗುಂಡು ಹೊಡೆಯುವುದನ್ನೂ ಚಿತ್ರೀಕರಿಸಬೇಕೆಂದು ತಮ್ಮ ಹೇಳುತ್ತಾನೆ. ತೊಂದರೆಯಾದೀತೆ ಎಂಬ ಅಳುಕಿದೆ.
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಹಬ್ಬದ ವಿಷಯದಲ್ಲಿ ಅಳುಕು ಬೇಡ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಹಿಡುವಳಿ) ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಸ್ಪರ್ಧೆಯನ್ನು ಧಾರಾಳವಾಗಿ ಚಿತ್ರೀಕರಿಸಿ.

ಆದರೆ ಹಬ್ಬದಲ್ಲಿ ಮಕ್ಕಳು, ನೆಂಟರು ಸುತ್ತ ನೆರೆದಿರುತ್ತಾರೆ. ಹಳೆಯ ಕೋವಿಯ ತೆಳು ನಳಿಗೆಗೆ ಹಿಡಿಕೆ ಬಿಗಿದರೆ ತಗ್ಗು ಬೀಳಬಹುದು. ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು, ಹೊಡೆಯುವವರ ಹಿಂದೆ ಒಂದು ಬದಿಯಿಂದ ಚಿತ್ರೀಕರಿಸಿ. ಹೊಡೆಯುವವರೂ ಕಾಯಿ ಸಿಡಿಯುವುದೂ ಒಟ್ಟಿಗೆ ಸಿಗುತ್ತವೆ. ಕಾಯಿಯ ಹಿಂದೆ ಗುಂಡು ತಡೆಯುವ ಮಣ್ಣಿನ ದಿಬ್ಬ ಇದೆಯೇ ನೋಡಿಕೊಳ್ಳಿ. ಚಿಕ್ಕದೆಂದು ತೋರುವ .22 ರೈಫಲ್‌ನ ಗುಂಡೂ ಸುಮಾರು ಒಂದೂವರೆ ಮೈಲಿ ಹೋಗಬಲ್ಲದು. ಕಿವಿಗೆ ರಕ್ಷಣೆ ಇರಲಿ. ಜೋಡಿನಳಿಗೆ ಕೋವಿಯ ಸದ್ದು 140 ಡೆಸಿಬಲ್ (ಸದ್ದಿನ ಅಳತೆ) ಮೀರುತ್ತದೆ, ಒಂದೇ ಈಡು ಕಿವಿಗೆ ಕಾಯಂ ಹಾನಿ ಮಾಡಬಲ್ಲದು.

ಕಾಡುಹಂದಿಯ ವಿಷಯ ಬೇರೆ. ಕಷ್ಟಪಟ್ಟು ಬೆಳೆಸಿದ್ದನ್ನು ರಾತ್ರೋರಾತ್ರಿ ಕಳೆದುಕೊಳ್ಳುವ ನೋವು ದೊಡ್ಡದು, ನಿಮ್ಮ ತಮ್ಮನ ಸಿಟ್ಟು ಅರ್ಥವಾಗುತ್ತದೆ. ಆದರೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬೇಟೆಯಾಡುವ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬೆಳೆಹಾನಿ ಮಾಡುವ ಕಾಡುಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು. ಅದಿಲ್ಲದೆ ಹೊಡೆಯುವುದಷ್ಟೇ ಅಲ್ಲ, ಹೊಡೆಯಲು ಯತ್ನಿಸುವುದೂ ಬೇಟೆಯೇ. ಹಂದಿ ನುಗ್ಗಿದ ಗದ್ದೆ, ಉರುಳಿದ ಗಿಡ, ಹೆಜ್ಜೆಗುರುತು ಇವನ್ನು ಚಿತ್ರೀಕರಿಸಿ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಕ್ಯಾಮೆರಾ ನಿಮ್ಮ ಪರವಾಗಿ ನಿಲ್ಲುವುದು ಅಲ್ಲಿ.

ಪ್ರಶ್ನೆ: ನನ್ನ ಮಗನಿಗೆ ಹದಿನಾರು ವರ್ಷ. ಬೇಟೆಯ ವಿಡಿಯೊಗಳನ್ನು ನೋಡಿ ನೋಡಿ, ಏರ್‌ಗನ್‌ಗೆ ಕ್ಯಾಮೆರಾ ಕಟ್ಟಿ ತೋಟದ ಹಕ್ಕಿಗಳಿಗೆ ಹೊಡೆಯುತ್ತಿದ್ದಾನೆ. ವಿಡಿಯೊವನ್ನು ಗೆಳೆಯರಿಗೂ ಕಳಿಸಿದ್ದಾನೆ. ಬೈದರೆ ಇನ್ನೂ ಹಟ ಹಿಡಿಯುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ, ಶಿರಸಿ

ಉತ್ತರ: ತಾಯಿ, ನಿಮ್ಮ ಆತಂಕ ಸರಿಯಾದದ್ದೇ. ಆದರೆ ಮಗ ಕೈಮೀರಿ ಹೋಗಿದ್ದಾನೆಂದು ಎಣಿಸಬೇಡಿ. ಈ ವಯಸ್ಸಿನ ಹುಡುಗರನ್ನು ಸೆಳೆಯುವುದು ಬಹುಪಾಲು ಆ ವಿಡಿಯೊದ ರೋಮಾಂಚನ. ಕ್ರೌರ್ಯವೇ ಕಾರಣ ಎನ್ನಲಾಗದು.

ಅವನ ಪಕ್ಕ ಕೂತು ವಿಷಯ ತಿಳಿಸಿ. ಅವನು ನೋಡುವ ವಿಡಿಯೊಗಳು ಬಹುತೇಕ ಬೇಟೆಗೆ ಪರವಾನಗಿ ಕೊಡುವ ದೇಶಗಳವು. ನಮ್ಮಲ್ಲಿ ಬುಲ್‌ಬುಲ್, ಮೈನಾದಂತಹ ಹಕ್ಕಿಗೆ ಏರ್‌ಗನ್‌ನಿಂದ ಹೊಡೆದರೂ ಅಪರಾಧ. ಅದರ ಮೇಲೆ, ಅವನೇ ತೆಗೆದ ವಿಡಿಯೊ ಅವನ ವಿರುದ್ಧದ ಸಾಕ್ಷಿಯಾಗುತ್ತದೆ. ಹೆದರಿಸಲು ಅಲ್ಲ, ತಿಳಿದಿರಲೆಂದು ಇದನ್ನು ಹೇಳಿ. ಇನ್ನು ಮುಂದೆ ಏರ್‌ಗನ್ ನಿಮ್ಮ ಕಪಾಟಿನಲ್ಲಿ ಬೀಗದೊಳಗೆ ಇರಲಿ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾದಾಗ ಬೇಟೆಯ ರೂಢಿಯಿದ್ದ ಊರುಗಳ ಜನರೇ ತಾವಾಗಿ ಬಂದೂಕು ತಂದೊಪ್ಪಿಸಿದರು. ಅದನ್ನೂ ಅವನಿಗೆ ತಿಳಿಸಿ.

ಕ್ಯಾಮೆರಾವನ್ನು ಮಾತ್ರ ಕಸಿದುಕೊಳ್ಳಬೇಡಿ. ಫ್ರಾನ್ಸಿನ ವಿಜ್ಞಾನಿ ಎಟಿಯೆನ್ ಜೂಲ್ಸ್ ಮರೇ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾವನ್ನೇ ಮಾಡಿದ್ದರು. ಹಾರುವ ಹಕ್ಕಿಗೆ ಗುರಿಯಿಟ್ಟು ಕುದುರೆ ಎಳೆದರೆ ಗುಂಡು ಹಾರುತ್ತಿರಲಿಲ್ಲ, ಸೆಕೆಂಡಿಗೆ 12 ಚಿತ್ರಗಳು ಮೂಡುತ್ತಿದ್ದವು. ನಮ್ಮ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ) ಇಟ್ಟು, ಪಟ್ಟೆಗಳ ಗುರುತಿನಿಂದ ಹುಲಿಗಳ ಸಂಖ್ಯೆ ಅಂದಾಜು ಮಾಡಿದರು. ಹೊಂಚು ಹಾಕುವ ತಾಳ್ಮೆ, ಚುರುಕು ಕಣ್ಣು ನಿಮ್ಮ ಮಗನಲ್ಲಿ ಈಗಾಗಲೇ ಇವೆ. ತೋಟದ ಹಕ್ಕಿಗಳನ್ನು ಗುರುತಿಸಿ ಪಟ್ಟಿ ಮಾಡುವ ಕೆಲಸ ಅವನಿಗೆ ಒಪ್ಪಿಸಿ, ಒಂದೆರಡು ಬೆಳಿಗ್ಗೆ ನೀವೂ ಜೊತೆಗೆ ಹೋಗಿ.

ಪತ್ರ ಬರೆದ ಎಲ್ಲರಲ್ಲೂ ನನ್ನ ವಿನಂತಿ ಇದು: ಕೋವಿ ಕೈಯಲ್ಲಿರುವಾಗ ಗಮನವೆಲ್ಲ ಕೋವಿಯ ಮೇಲಿರಲಿ. ಚಿತ್ರ ಬೇಕಾದರೆ ಕೋವಿ ಖಾಲಿ ಮಾಡಿ ಪಕ್ಕಕ್ಕಿಡಿ, ಆಮೇಲೆ ಕ್ಯಾಮೆರಾ ಎತ್ತಿಕೊಳ್ಳಿ.