ಆಮ್ಲಜನಕದ ಸಿಲಿಂಡರಿಗೆ ಎಣ್ಣೆ ಸೋಕದಿರಲಿ

ಶ್ವಾಸಕೋಶದ ಹಳೆಯ ಕಾಯಿಲೆಯಿರುವ ಹಿರಿಯರಿಗೆ ಮನೆಯಲ್ಲೇ ಆಮ್ಲಜನಕ ಕೊಡುವುದು ಈಗ ಅಪರೂಪವಲ್ಲ. ಸಿಲಿಂಡರಿನ ವಾಲ್ವ್ ಬಿಗಿಯಾಗಿದ್ದರೆ, ಬಾಗಿಲ ತಿರುಗಣಿಗೆ ಬಿಡುವಂತೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡೋಣವೆಂದು ತೋಚುವುದು ಸಹಜ. ಹಾಗೆ ಎಂದಿಗೂ ಮಾಡಕೂಡದು.

ಆಮ್ಲಜನಕ ತಾನು ಉರಿಯುವುದಿಲ್ಲ. ಬೇರೆ ವಸ್ತುಗಳು ಬೇಗ ಹೊತ್ತಿ, ಭರದಿಂದ ಉರಿಯುವಂತೆ ಮಾಡುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದರ ಪಾಲು ಶೇ. 21 ಮಾತ್ರ. ತುಂಬಿದ ಸಿಲಿಂಡರಿನಲ್ಲಾದರೋ ಹೆಚ್ಚುಕಡಿಮೆ ಶುದ್ಧ ಆಮ್ಲಜನಕವೇ, ಅದೂ ಹೊರಗಿನ ಗಾಳಿಯ ಸುಮಾರು 150 ಪಟ್ಟು ಒತ್ತಡದಲ್ಲಿ ಇರುತ್ತದೆ. ವಾಲ್ವನ್ನು ಥಟ್ಟನೆ ತಿರುಗಿಸಿದರೆ ರೆಗ್ಯುಲೇಟರಿನೊಳಗೆ ನುಗ್ಗಿದ ಅನಿಲ ಒತ್ತಿಕೊಂಡು ಬಿಸಿಯೇರುತ್ತದೆ. (ಗಾಳಿ ಹೊಡೆಯುವಾಗ ಸೈಕಲ್ ಪಂಪು ಬಿಸಿಯಾಗುವುದನ್ನು ನೀವು ಬಲ್ಲಿರಿ.) ಅಲ್ಲಿ ಎಣ್ಣೆ, ಗ್ರೀಸ್ ಇದ್ದರೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳಬಹುದು. ಆಮ್ಲಜನಕದ ಪ್ರಮಾಣ ಹೆಚ್ಚಿಸಿದ ಗಾಳಿ ಬಳಸುವ ಸ್ಕೂಬಾ ಮುಳುಗುಗಾರರು ತಮ್ಮ ಉಪಕರಣಗಳನ್ನು ಬಿಚ್ಚಿಸಿ, ಜಿಡ್ಡು ಉಳಿಯದಂತೆ ತೊಳೆಸುವುದೂ ಇದಕ್ಕೇ.

ಆದ್ದರಿಂದ ಕೈಯನ್ನು ಸೋಪಿನಿಂದ ತೊಳೆದು, ಒರೆಸಿಕೊಂಡೇ ಸಿಲಿಂಡರ್ ಮುಟ್ಟಿ. ವಾಲ್ವನ್ನು ನಿಧಾನವಾಗಿ ತೆರೆಯಿರಿ. ತಿರುಗದಿದ್ದರೆ ತಂದುಕೊಟ್ಟವರಿಗೇ ಹಿಂದಿರುಗಿಸಿ. ನಳಿಕೆಯಿಂದ ಮೂಗು ಒಣಗಿದರೆ ವ್ಯಾಸಲೀನ್ ಬೇಡ. ನೀರು ಬೆರೆತ ಜೆಲ್ ಸಿಗುತ್ತದೆ, ವೈದ್ಯರನ್ನು ಕೇಳಿ.

ಎಲ್ಲಕ್ಕಿಂತ ದೊಡ್ಡ ಶತ್ರು ಬೀಡಿ, ಸಿಗರೇಟು. ಕಾನ್ಸಂಟ್ರೇಟರ್ ಯಂತ್ರ ಬಳಸುವವರಿಗೂ ಈ ಮಾತು ಅನ್ವಯಿಸುತ್ತದೆ. ಆಮ್ಲಜನಕ ಉಡುಪು, ಹೊದಿಕೆ, ಕೂದಲಿನಲ್ಲಿ ಸೇರಿಕೊಂಡಿರುವುದರಿಂದ, ನಳಿಕೆ ತೆಗೆದ ಮೇಲೂ ಅರ್ಧ ಗಂಟೆಯಾದರೂ ಒಲೆಯ ಬಳಿ ಹೋಗಬೇಡಿ. ದೇವರ ದೀಪ, ಊದುಬತ್ತಿ ಬೇರೆ ಕೋಣೆಯಲ್ಲಿರಲಿ. ಅನಿಲ ಹರಿಯುತ್ತಿರುವ ನಳಿಕೆಯನ್ನು ಹಾಸಿಗೆಯ ಮೇಲೆ ಬಿಟ್ಟು ಏಳಬೇಡಿ. ಮೊದಲು ವಾಲ್ವ್ ಮುಚ್ಚಿ.